ಫೋಟೋ ಚೆನ್ನಾಗಿದೆ, ಎಷ್ಟಕ್ಕೆ ಕೊಡ್ತೀರಾ?

ಭಾನುವಾರ ಬೆಳಿಗ್ಗೆ ಆರೂವರೆಗೆ ಲಾಲ್‌ಬಾಗಿಗೆ ಹೋಗಿ ನೋಡಿ. ವಾಕಿಂಗ್ ಬರೋರಷ್ಟೇ ಜನ ಕ್ಯಾಮೆರಾ ಹೊತ್ತುಕೊಂಡು ಬಂದಿರುತ್ತಾರೆ. ಅದರಲ್ಲಿ ಅರ್ಧಕ್ಕರ್ಧ ನಮ್ಮ ಪೈಕಿಯೇ, ಅಂದರೆ ಸಾಫ್ಟ್‌ವೇರಿನೋರು. ಗುರುತು ಹಿಡಿಯೋದು ಸುಲಭ. ಕಾಲಲ್ಲಿ ಆಫೀಸಿನ ಟ್ರೆಕ್ಕಿಂಗ್‌ಗೆ ಅಂತ ತಗೊಂಡ ಶೂ, ಬೆನ್ನಲ್ಲಿ ಕಂಪನಿ ಕೊಟ್ಟ ಬ್ಯಾಗು, ಕೊರಳಲ್ಲಿ ಮೊದಲ ಅಪ್ರೈಸಲ್ ದುಡ್ಡಿನ ಡಿಎಸ್‌ಎಲ್‌ಆರ್. ಎಲ್ಲರೂ ಅದೇ ಕೆರೆಯ ಅದೇ ನೀರುಕಾಗೆಗೆ ಗುರಿ ಇಟ್ಟು ನಿಂತಿರುತ್ತಾರೆ. ಆ ನೀರುಕಾಗೆಗೆ ಒಂದು ಕ್ಲಿಕ್ಕಿಗೆ ಒಂದು ಪೈಸೆ ರಾಯಲ್ಟಿ ಕೊಟ್ಟಿದ್ದರೂ ಇಷ್ಟೊತ್ತಿಗೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಸೈಟು ತಗೊಂಡಿರೋದು.

ಕ್ಯಾಮೆರಾ ತಗೊಂಡ ಎರಡನೇ ವರ್ಷಕ್ಕೆ ಎಲ್ಲರಿಗೂ ಒಂದೇ ಯೋಚನೆ ಬರುತ್ತೆ. ಇಷ್ಟು ದುಡ್ಡು ಸುರಿದಾಯ್ತು, ಸ್ವಲ್ಪನಾದರೂ ವಾಪಸ್ ಬರೋ ದಾರಿ ಇದೆಯಾ? ಕ್ಯಾಂಟೀನಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದು ಇದನ್ನು ಕೇಳಿದವರು ಹತ್ತಿಪ್ಪತ್ತು ಜನ ಇದ್ದಾರೆ. ನಾನು ಆರು ವರ್ಷದಿಂದ ಫೋಟೋ ಮಾರುತ್ತಿದ್ದೇನೆ, ಅಂಥ ದೊಡ್ಡ ವ್ಯಾಪಾರಸ್ಥನೇನಲ್ಲ. ಆರು ವರ್ಷದಲ್ಲಿ ಬಂದದ್ದು ಒಟ್ಟು ಒಂದು ಲಕ್ಷದ ಎಂಬತ್ತು ಸಾವಿರ ಚಿಲ್ಲರೆ. ಲೆನ್ಸು, ಟ್ರೈಪಾಡು, ಹಾರ್ಡ್‌ಡಿಸ್ಕಿಗೆ ಹೋದದ್ದು ಎರಡು ಲಕ್ಷದ ಹತ್ತಿರ. ಲೆಕ್ಕ ಇನ್ನೂ ನಷ್ಟದಲ್ಲೇ ಇದೆ ಅಂತ ಹೆಂಡತಿ ಆಗಾಗ ನೆನಪಿಸುತ್ತಾಳೆ. ಆದರೂ ಗೊತ್ತಿರೋದನ್ನ ಹೇಳಿಬಿಡೋಣ.

ನಮ್ಮೂರು ತಿಪಟೂರು ಸೀಮೆ. ತೆಂಗು ಬಿಟ್ಟರೆ ಬೇರೆ ದೇವರಿಲ್ಲ. ನಾನು ಇಂಟರ್ನೆಟ್ಟಿನಲ್ಲಿ ಫೋಟೋ ಮಾರ್ತೀನಿ ಅಂದಾಗ ಅಪ್ಪನಿಗೆ ಅರ್ಥ ಮಾಡಿಸೋಕೆ ಕಷ್ಟ ಆಗಲೇ ಇಲ್ಲ. "ಓ, ಮಂಡಿ ಥರ" ಅಂದರು. ಹೌದು, ಸ್ಟಾಕ್ ಫೋಟೋ ಸೈಟು ಅಂದರೆ ಕೊಬ್ಬರಿ ಮಂಡಿಯೇ. ಬೆಳೆದೋನು ಬೆಲೆ ಕಟ್ಟೋ ಹಾಗಿಲ್ಲ. ಮಾಲು ತಂದು ಸುರೀಬೇಕು, ಅವರು ಆರಿಸಿ ತೆಗೀತಾರೆ, ಕೌಟು ವಾಪಸ್ ಕಳಿಸ್ತಾರೆ, ಮಾರಿದ ಮೇಲೆ ದಲ್ಲಾಳಿ ಹಿಡ್ಕೊಂಡು ಉಳಿದದ್ದು ಕೊಡ್ತಾರೆ. ಇನ್ನೊಂದು ಹೋಲಿಕೆ ಅಪ್ಪನೇ ಹೇಳಿದ್ದು. ಉಂಡೆ ಕೊಬ್ಬರಿ ಆಗಬೇಕಾದ್ರೆ ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಸುಮ್ನೆ ಕೂತಿರಬೇಕು. ಫೋಟೋನೂ ಹಾಗೇ. ಇವತ್ತು ಹಾಕಿದ್ದು ಮುಂದಿನ ವರ್ಷ ಮಾರಾಟವಾಗುತ್ತೆ. ವಾರಕ್ಕೊಂದ್ಸಲ ಅಟ್ಟ ಹತ್ತಿ ಕಾಯಿ ಅಲ್ಲಾಡಿಸಿ ನೋಡೋನು ಈ ವ್ಯಾಪಾರಕ್ಕೆ ಲಾಯಕ್ಕಲ್ಲ.

ಈ ಮಂಡಿಗಳ ಇತಿಹಾಸವೂ ನಮ್ಮಂಥೋರದ್ದೇ. ಐಸ್ಟಾಕ್ ಶುರುವಾಗಿದ್ದು 2000ದಲ್ಲಿ. ಶಟರ್‌ಸ್ಟಾಕ್ ಅನ್ನು 2003ರಲ್ಲಿ ಕಟ್ಟಿದ ಜಾನ್ ಓರಿಂಗರ್ ಮೂಲತಃ ಪ್ರೋಗ್ರಾಮರ್. ತಾನೇ ತೆಗೆದ ಮೂವತ್ತು ಸಾವಿರ ಫೋಟೋ ಹಾಕಿ ಅಂಗಡಿ ತೆರೆದ. ಐಸ್ಟಾಕನ್ನು 2006ರಲ್ಲಿ ಗೆಟ್ಟಿ ಇಮೇಜಸ್ 5 ಕೋಟಿ ಡಾಲರಿಗೆ ಕೊಂಡಿತು. ಫೋಟೋಲಿಯಾ ಅನ್ನೋದನ್ನು ಅಡೋಬಿ 80 ಕೋಟಿ ಡಾಲರಿಗೆ ಕೊಂಡು 2015ರಲ್ಲಿ ಅಡೋಬಿ ಸ್ಟಾಕ್ ಮಾಡಿತು. ಕೋಟಿಗಳು ಹೀಗೆ ಮೇಲ್ಗಡೆ ಓಡಾಡುತ್ತಿದ್ದಾಗ ಕೆಳಗಡೆ ಫೋಟೋ ತೆಗೆಯೋನ ಕೈಗೆ ಏನು ಬರ್ತಿತ್ತು? ನಾನು ಸೇರಿದಾಗ ಶಟರ್‌ಸ್ಟಾಕಿನಲ್ಲಿ ಹೊಸಬರಿಗೆ ಒಂದು ಡೌನ್‌ಲೋಡಿಗೆ 25 ಸೆಂಟು. 2020ರ ಜೂನಿನಲ್ಲಿ ಅದನ್ನೂ ಬದಲಾಯಿಸಿ ಶೇಕಡಾವಾರು ಲೆಕ್ಕ ತಂದರು. ಹೊಸಬನಿಗೆ ಶೇ. 15, ಮಾರಾಟ ಹೆಚ್ಚಿದ ಹಾಗೆ ಶೇ. 40ರವರೆಗೆ. ಕನಿಷ್ಠ 10 ಸೆಂಟು, ಅಂದರೆ ಎಂಟು ರೂಪಾಯಿ ಆಸುಪಾಸು. ತಮಾಷೆ ಏನಪ್ಪಾ ಅಂದ್ರೆ ಪ್ರತಿ ಜನವರಿ ಒಂದನೇ ತಾರೀಕು ಎಲ್ಲರನ್ನೂ ವಾಪಸ್ ಒಂದನೇ ಕ್ಲಾಸಿಗೆ ತಂದು ಕೂರಿಸ್ತಾರೆ. ಅಡೋಬಿಯಲ್ಲಿ ಫೋಟೋಗೆ ಶೇ. 33 ಸಿಗುತ್ತೆ, ಅದು ವಾಸಿ. ಅಪ್ಪನಿಗೆ ಈ ಹತ್ತು ಸೆಂಟಿನ ವಿಷಯ ಹೇಳಿದ್ದು 2023ರಲ್ಲಿ. ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಅಂತ ಇದ್ದರೂ ಮಂಡಿಯಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದುಬಿಟ್ಟಿತ್ತು. "ನಮಗಾದ್ರೂ ಬೆಂಬಲ ಬೆಲೆ ಅಂತ ಕಾಗದದ ಮೇಲಾದ್ರೂ ಐತೆ" ಅಂತ ನಕ್ಕರು.

ಹಾಗಾದರೆ ಯಾಕೆ ಮಾರಬೇಕು? ಎಂಟು ರೂಪಾಯಿ ಒಂದೇ ಸಲ ಬರಲ್ಲ, ಅದಕ್ಕೆ. ಒಂದೇ ಫೋಟೋ ನಾನೂರು ಸಲ ಮಾರಾಟವಾದ ಉದಾಹರಣೆ ನನ್ನ ಹತ್ತಿರವೇ ಇದೆ. ಅದು ಯಾವ ಫೋಟೋ ಅಂತ ಆಮೇಲೆ ಹೇಳ್ತೀನಿ.

ಮೊದಲು ಯಾವುದು ಮಾರಾಟವಾಗಲ್ಲ ಅಂತ ಹೇಳಿಬಿಡ್ತೀನಿ. ಸೂರ್ಯಾಸ್ತ. ಗುಲಾಬಿ ಮೇಲೆ ನೀರಹನಿ. ನಂದಿಬೆಟ್ಟದ ಮೋಡ. ಬೆಕ್ಕು. ಇವೆಲ್ಲ ಅಲ್ಲಿ ಲಕ್ಷಗಟ್ಟಲೆ ಬಿದ್ದಿವೆ. ಸಾಲದ್ದಕ್ಕೆ 2022ರ ಡಿಸೆಂಬರಿನಿಂದ ಅಡೋಬಿಯವರು ಎಐ ಮಾಡಿದ ಚಿತ್ರಗಳನ್ನೂ ತಗೊಳ್ಳೋಕೆ ಶುರು ಮಾಡಿದ್ದಾರೆ. ಕಂಪ್ಯೂಟರು ನಿಮಿಷಕ್ಕೆ ನಾಲ್ಕು ಸೂರ್ಯಾಸ್ತ ಮಾಡುತ್ತೆ, ಬೆಳಿಗ್ಗೆ ನಾಲ್ಕಕ್ಕೆ ಎದ್ದು ನಂದಿಬೆಟ್ಟಕ್ಕೆ ಗಾಡಿ ಓಡಿಸೋ ಕಷ್ಟ ಅದಕ್ಕಿಲ್ಲ. ಅದರ ಜೊತೆ ಸ್ಪರ್ಧೆಗೆ ಇಳಿಯೋದು ಬೇಡ.

ಮಾರಾಟವಾಗೋದು ಬೇರೆಯೋರ ಹತ್ತಿರ ಇಲ್ಲದ್ದು. ನಮಗೆ ತೀರಾ ಮಾಮೂಲಿ ಅನ್ನಿಸೋದು. ನನ್ನ ಲೆಕ್ಕದಲ್ಲಿ ದಕ್ಷಿಣ ಬೆಂಗಳೂರಿನೋರು ಬಹಳ ಅದೃಷ್ಟವಂತರು. ಬನಶಂಕರಿ ದೇವಸ್ಥಾನದಲ್ಲಿ ರಾಹುಕಾಲದಲ್ಲಿ ಹಚ್ಚೋ ನಿಂಬೆಹಣ್ಣಿನ ದೀಪ ಇದೆಯಲ್ಲ, ಹಣ್ಣು ಹಿಂಡಿ, ಸಿಪ್ಪೆ ತಿರುಗಿಸಿ, ಎಣ್ಣೆ ಹಾಕಿ, ಸಾಲಾಗಿ ಇಟ್ಟಿರೋದು? ಪ್ರಪಂಚದಲ್ಲಿ ಎಲ್ಲೋ ಕೂತು ಹಿಂದೂ ಆಚರಣೆಗಳ ಬಗ್ಗೆ ಪುಸ್ತಕ ಮಾಡೋನಿಗೆ ಅದು ಬೇಕು. ಕಾರ್ತೀಕದ ಕಡೇ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ, ಗುಡ್ಡೆ ಹಾಕಿದ ಕಡಲೆಕಾಯಿ, ಸೇರಿನಲ್ಲಿ ಅಳೆಯೋ ಕೈ. ಜಯನಗರದ ಹೂವಿನ ಅಂಗಡಿ. ಜೆ.ಪಿ. ನಗರ ಏಳನೇ ಹಂತದ ಪುಟ್ಟೇನಹಳ್ಳಿ ಕೆರೆ, ಹಿಂದೆ ಅಪಾರ್ಟ್‌ಮೆಂಟು, ಮುಂದೆ ಹಕ್ಕಿ. ಬರೀ ಹಕ್ಕಿ ಬೇಕಾದ್ರೆ ಸಾವಿರ ಸಿಗುತ್ತೆ. ಅಪಾರ್ಟ್‌ಮೆಂಟಿನ ಜೊತೆ ಹಕ್ಕಿ ಅಂದ್ರೆ ನಗರದ ಪರಿಸರದ ಬಗ್ಗೆ ಬರೆಯೋ ಯಾರಿಗಾದರೂ ಬೇಕಾಗುತ್ತೆ. ಇನ್ನು ಸಿಲ್ಕ್ ಬೋರ್ಡ್ ಜಂಕ್ಷನ್. ಬಿಟಿಎಂ ಕಡೆಯ ಫ್ಲೈಓವರ್ ಮೇಲಿಂದ ಸಂಜೆ ಏಳಕ್ಕೆ ತೆಗೆದ ಆ ಕೆಂಪು ಲೈಟುಗಳ ನದಿ ನನಗೆ ಊಟ ಹಾಕದಿದ್ದರೂ ತಿಂಗಳಿಗೊಂದು ಕಾಫಿ ಕುಡಿಸಿದೆ. ಬೆಂಗಳೂರಿನ ಟ್ರಾಫಿಕ್ ಬಗ್ಗೆ ಪ್ರಪಂಚದಲ್ಲಿ ಯಾರಾದರೂ ಒಬ್ಬರು ದಿನಾ ಬರೀತಾನೇ ಇರ್ತಾರೆ. ನಾವು ಸಿಕ್ಕಿಹಾಕಿಕೊಂಡದ್ದಕ್ಕೆ ಸಿಕ್ಕ ಏಕೈಕ ಪರಿಹಾರ ಇದು.

ಹಬ್ಬದ ಫೋಟೋಗೆ ಒಂದು ಕಿವಿಮಾತು. ಯುಗಾದಿಯ ಬೇವು ಬೆಲ್ಲವನ್ನು ಯುಗಾದಿ ದಿನ ಹಾಕಿದರೆ ಪ್ರಯೋಜನ ಇಲ್ಲ. ಜಾಹೀರಾತು ಮಾಡೋರು ಒಂದೂವರೆ ಎರಡು ತಿಂಗಳು ಮುಂಚೆ ಹುಡುಕ್ತಾರೆ. ಹಾಗಾಗಿ ನಮ್ಮ ಮನೆಯಲ್ಲಿ ಸಂಕ್ರಾಂತಿ ಮುಗಿದ ವಾರವೇ ಒಂದು ಸುತ್ತು ಬೇವು ಬೆಲ್ಲ ಆಗುತ್ತೆ. ಬೇವಿನ ಹೂವು ಆಗ ಬಿಟ್ಟಿರಲ್ಲ, ಹೋದ ವರ್ಷದ ಯುಗಾದಿಗೆ ತೆಗೆದಿದ್ದು ಈ ವರ್ಷಕ್ಕೆ ಬರುತ್ತೆ ಅನ್ನೋದು ಜಾಣರ ಲೆಕ್ಕ. ಗಣೇಶನ ಹಬ್ಬಕ್ಕೂ ಇದೇ ಕಥೆ.

ಇನ್ನು ಹೆಸರು ಹಚ್ಚೋ ಕೆಲಸ, ಅಂದರೆ ಕೀವರ್ಡ್. ಶಟರ್‌ಸ್ಟಾಕಿನಲ್ಲಿ ಒಂದು ಫೋಟೋಗೆ 50ರವರೆಗೆ ಹಾಕಬಹುದು. ಬೇಜಾರಿನ ಕೆಲಸ. ಆದರೆ ಫೋಟೋ ಮಾರೋದು ಇದೇ. ನಿಂಬೆ ದೀಪಕ್ಕೆ ಬರೀ 'ದೀಪ' ಅಂತ ಹಾಕಿದರೆ ದೀಪಾವಳಿಯ ಲಕ್ಷ ದೀಪದ ಕೆಳಗೆ ಕತ್ತಲಲ್ಲಿ ಕೂರುತ್ತೆ. ನಿಂಬೆ, ರಾಹುಕಾಲ, ಬನಶಂಕರಿ, ಹರಕೆ, ಬೆಂಗಳೂರು ಅಂತ ಇಂಗ್ಲಿಷಿನಲ್ಲಿ ಒಂದೊಂದೇ ಹಾಕಿದರೆ ಹುಡುಕೋನ ಕೈಗೆ ಸಿಗುತ್ತೆ. ಡೇಟಾಬೇಸ್ ಗೊತ್ತಿರೋ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಎರಡೂ ಕಡೆ ಕನಿಷ್ಠ 4 ಮೆಗಾಪಿಕ್ಸೆಲ್ ಸಾಕು, ಈಗಿನ ಫೋನುಗಳಲ್ಲಿ ತೆಗೆದದ್ದೂ ಪಾಸಾಗುತ್ತೆ. ಲೋಗೋ ಮಾತ್ರ ಇರಕೂಡದು. ಫಿಲ್ಟರ್ ಕಾಫಿ ಲೋಟದ ಪಕ್ಕ ನಂದಿನಿ ಹಾಲಿನ ಪ್ಯಾಕೆಟ್ ಇದ್ದರೆ ಜಾಹೀರಾತಿಗೆ ಆಗಲ್ಲ ಅಂತ ವಾಪಸ್ ಕಳಿಸ್ತಾರೆ. ಸುದ್ದಿ ಲೇಖನಕ್ಕೆ ಮಾತ್ರ ಅನ್ನೋ 'ಎಡಿಟೋರಿಯಲ್' ವಿಭಾಗದಲ್ಲಿ ಹಾಕಬಹುದು, ಊರು ತಾರೀಕು ಸಮೇತ.

ಈ ಎಡಿಟೋರಿಯಲ್, ಕಮರ್ಷಿಯಲ್ ಅನ್ನೋ ಭೇದ ನನಗೆ ನಿಜವಾಗಿ ಅರ್ಥ ಮಾಡಿಸಿದ್ದು ನಮ್ಮಜ್ಜಿ.

ಅಜ್ಜಿಗೆ ಎಂಬತ್ತೆರಡು. ಮುಖದ ತುಂಬ ಸುಕ್ಕು, ಮೂಗಿನ ಎರಡೂ ಕಡೆ ಮೂಗುಬಟ್ಟು, ಹಣೆ ಮೇಲೆ ಕಾಸಗಲ ವಿಭೂತಿ. ಒಂದು ದಸರಾ ರಜೆಯಲ್ಲಿ ಹಜಾರದ ಬಾಗಿಲಿಂದ ಬರೋ ಬೆಳಕಿನಲ್ಲಿ ಕೂತಿದ್ದಾಗ ತೆಗೆದೆ. ನಾನು ತೆಗೆದದ್ದರಲ್ಲಿ ಅದೇ ಒಳ್ಳೆಯ ಫೋಟೋ, ಇವತ್ತಿಗೂ. ಗುರುತು ಸಿಗೋ ಮುಖ ಇದ್ದ ಮೇಲೆ ಜಾಹೀರಾತಿಗೆ ಮಾರೋಕೆ ಆ ವ್ಯಕ್ತಿಯ ಒಪ್ಪಿಗೆ ಪತ್ರ ಬೇಕು. ಮಾಡೆಲ್ ರಿಲೀಸ್ ಅಂತಾರೆ. ಹೆಸರು, ಹುಟ್ಟಿದ ತಾರೀಕು, ಸಹಿ, ಒಬ್ಬ ಸಾಕ್ಷಿ. ನಾನು ಫಾರಂ ಪ್ರಿಂಟ್ ತೆಗೆದುಕೊಂಡು, ಹೆಂಡತಿ ಜೊತೆ ಕೂತು ಅದನ್ನು ಕನ್ನಡಕ್ಕೆ ಮಾಡಿಕೊಂಡು, ಸಂಕ್ರಾಂತಿಗೆ ಊರಿಗೆ ಹೋದಾಗ ಅಜ್ಜಿಗೆ ಓದಿ ಹೇಳಿದೆ.

"ನನ್ ಮಕ ಯಾರಿಗ್ ಬೇಕು ಮಗ?" ಅಂತ ಮೊದಲು ನಗಾಡಿತು. ಆಮೇಲೆ ಕೇಳಿತು, "ಯಾತುಕ್ಕೆ ಹಾಕ್ತಾರೆ?"

ಯಾತಕ್ಕಾದ್ರೂ ಹಾಕಬಹುದು ಅಜ್ಜಿ, ಅದೇ ಇದರಲ್ಲಿ ಬರ್ದಿರೋದು ಅಂದೆ. ಕಣ್ಣಿನ ಆಪರೇಷನ್ ಜಾಹೀರಾತಿಗೆ ಹಾಕಬಹುದು, ಬ್ಯಾಂಕಿನೋರು ಪಿಂಚಣಿಗೆ ಹಾಕಬಹುದು, ಔಷಧಿ ಕಂಪನಿಯೋರು ಮಂಡಿನೋವಿಗೆ ಹಾಕಬಹುದು. ನಮ್ಮನ್ನ ಕೇಳಲ್ಲ.

ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ಸ್ವಲ್ಪ ಹೊತ್ತು ಯೋಚನೆ ಮಾಡಿತು. "ವಯಸ್ಸಾದೋರ್ನ ಬಿಟ್ ಬತ್ತಾರಲ್ಲ, ಆ ಆಶ್ರಮದೋರು ಹಾಕಿದ್ರೆ?"

ಹಾಕಬಹುದು.

"ಹಂಗಾದ್ರೆ ಬ್ಯಾಡ. ನಾಳೆ ಪೇಪರ್ನಾಗೆ ನನ್ ಮಕ ಹಾಕಿ, ಮಕ್ಳು ನೋಡ್ಕಳಾಕಿಲ್ಲ ಅಂತ ಬರುದ್ರೆ ನಿಮ್ಮಪ್ಪ ಊರಾಗೆ ತಲೆ ಎತ್ತಂಗೈತಾ?"

ನಾನು ಎಷ್ಟೋ ಕಂಪನಿಗಳ ಕರಾರು ಪತ್ರ ನೋಡಿದ್ದೀನಿ. ಲೀಗಲ್ ಟೀಮಿನೋರು ಮೂರು ವಾರ ತಗೊಂಡು ಕೇಳದ ಪ್ರಶ್ನೆಯನ್ನು ಒಂದು ಎಲೆ ಅಡಿಕೆ ಮುಗಿಯೋದರೊಳಗೆ ಎರಡನೇ ಕ್ಲಾಸೂ ಓದದ ಹೆಂಗಸು ಕೇಳಿತು. ಫಾರಮ್ಮಿನ ಸಣ್ಣ ಅಕ್ಷರದಲ್ಲಿ ಇರೋದೆಲ್ಲ ಅಷ್ಟೇ: ನಿನ್ನ ಮುಖವನ್ನು ಯಾವ ಕಥೆಗೆ ಅಂಟಿಸಿದರೂ ನೀನು ಕೇಳೋ ಹಾಗಿಲ್ಲ. ಸೂಕ್ಷ್ಮ ವಿಷಯಗಳಿಗೆ ನಿರ್ಬಂಧ ಇರುತ್ತೆ ಅಂತ ಸೈಟಿನೋರು ಹೇಳ್ತಾರೆ, ಇರಬಹುದು. ವೃದ್ಧಾಶ್ರಮ ಅವರ ಪಟ್ಟಿಯಲ್ಲಿ ಸೂಕ್ಷ್ಮ ಅಲ್ಲ, ನಮ್ಮೂರಲ್ಲಿ ಸೂಕ್ಷ್ಮ.

ಆ ಫೋಟೋ ಹಾರ್ಡ್‌ಡಿಸ್ಕಿನಲ್ಲಿದೆ, ನಮ್ಮ ಹಾಲಿನ ಗೋಡೆ ಮೇಲಿದೆ. ಎಲ್ಲೂ ಮಾರಾಟಕ್ಕಿಲ್ಲ. ಎಡಿಟೋರಿಯಲ್ ಅಂತ ಹಾಕಬಹುದಿತ್ತು, ಅದಕ್ಕೆ ಸಹಿ ಬೇಡ. ಹಾಕಲಿಲ್ಲ. ಬ್ಯಾಡ ಅಂದ್ರೆ ಬ್ಯಾಡ.

ಆದರೆ ಅವತ್ತು ಮಧ್ಯಾಹ್ನ ಅಜ್ಜಿ ಅವರೆಕಾಯಿ ಸುಲಿಯೋಕೆ ಕೂತಿತು. "ಕೈ ತೆಕ್ಕೋ ಬೇಕಾದ್ರೆ" ಅಂತ ತಾನೇ ಹೇಳಿತು. ಹಸಿರು ಬಳೆ, ಉಗುರಿನ ಸಂದಿಯಲ್ಲಿ ಸೊಗಡು, ಮೊರದ ತುಂಬ ಕಾಳು. ಮುಖ ಇಲ್ಲ, ಗುರುತಿಲ್ಲ, ಫಾರಂ ಬೇಕಿಲ್ಲ. ನಾನೂರು ಸಲ ಮಾರಾಟವಾದದ್ದು ಇದೇ ಫೋಟೋ. ಅಡುಗೆ ಪುಸ್ತಕದೋರು, ಸಿರಿಧಾನ್ಯದೋರು, ಒಂದು ಸಲ ಸ್ಪೇನಿನ ಯಾರೋ ಕೈತೋಟದೋರು. ಮೊದಲ ಪಾವತಿ ಬಂದಾಗ ಅಜ್ಜಿಗೆ ಫೋನ್ ಮಾಡಿ ಹೇಳಿದೆ. "ಕೈ ನಂದು, ಕಾಯಿ ನಿಮ್ಮಪ್ಪುಂದು, ದುಡ್ಡು ನಿಂದಾ?" ಅಂತು. ನ್ಯಾಯವಾದ ಮಾತು. ಅವತ್ತಿನಿಂದ ಆ ಫೋಟೋದ ಅರ್ಧ ದುಡ್ಡು ಅಜ್ಜಿಯದು. ಹಬ್ಬಕ್ಕೆ ಹೋದಾಗ ಲೆಕ್ಕ ಹಾಕಿ ಕೊಡ್ತೀನಿ. ಡಾಲರ್ ರೇಟು ಎಷ್ಟು ಅಂತ ಕೇಳಿ, ಎಣಿಸಿ, ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತೆ.

ಇದಾದ ಮೇಲೆ ನಾನು ಕಡಲೆಕಾಯಿ ಪರಿಷೆಯಲ್ಲೂ ಮಾರ್ಕೆಟ್ಟಿನಲ್ಲೂ ಮುಖ ತೆಗೆಯೋದು ಕಮ್ಮಿ ಮಾಡಿದ್ದೀನಿ. ಬಡವರ ಮುಖಕ್ಕೆ ಬೆಲೆ ಜಾಸ್ತಿ ಅನ್ನೋದು ಫೋಟೋದೋರಿಗೆಲ್ಲ ಗೊತ್ತಿರೋ ಗುಟ್ಟು. ನಾಲ್ಕೂವರೆ ಸಾವಿರ ಕೊಟ್ಟು ಫೋಟೋ ವಾಕ್‌ಗೆ ಬಂದೋರು ತರಕಾರಿ ಮಾರೋಳ ಹತ್ತಿರ ಕಾಲು ಕೆಜಿ ಬೀನ್ಸೂ ತಗೊಳ್ಳದೆ ಇಪ್ಪತ್ತು ಕ್ಲಿಕ್ ಹೊಡೆದು ಹೋಗೋದನ್ನ ನೋಡಿದ್ದೀನಿ. ಅಲ್ಲಿ ಕಾನೂನು ಏನು ಹೇಳುತ್ತೆ ಅನ್ನೋದಕ್ಕಿಂತ ಬೀನ್ಸ್ ತಗೊಳ್ಳೋದು ಮುಖ್ಯ ಅಂತ ನನ್ನ ಅಭಿಪ್ರಾಯ.

ಕಾನೂನಿನ ಮಾತು ಬಂತಲ್ಲ, ಹೇಳಿಬಿಡ್ತೀನಿ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆ ಪ್ರಕಾರ ಫೋಟೋದ ಕರ್ತೃ ಅಂದರೆ ತೆಗೆದವನು. ಎಲ್ಲೂ ರಿಜಿಸ್ಟರ್ ಮಾಡಿಸಬೇಕಿಲ್ಲ, ಕ್ಲಿಕ್ ಮಾಡಿದ ಕ್ಷಣಕ್ಕೆ ಹಕ್ಕು ಹುಟ್ಟುತ್ತೆ. 2012ರ ತಿದ್ದುಪಡಿ ಆದಮೇಲೆ ಆ ಹಕ್ಕು ತೆಗೆದವನ ಜೀವಮಾನ, ಅದರ ಮೇಲೆ 60 ವರ್ಷ. ಆದರೆ ಒಂದು ಕೊಕ್ಕೆ ಇದೆ. 17ನೇ ಸೆಕ್ಷನ್. ಯಾರಾದರೂ ದುಡ್ಡು ಕೊಟ್ಟು ನಿಮ್ಮ ಕೈಲಿ ಫೋಟೋ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಕ್ಕಿನ ಮೊದಲ ಮಾಲೀಕರು ದುಡ್ಡು ಕೊಟ್ಟೋರೇ.

ಇದು ನಮ್ಮ ಕಡೆ ಯಾಕೆ ಮುಖ್ಯ ಅಂದ್ರೆ, ಜಯನಗರ ಬನಶಂಕರಿಯಲ್ಲಿ ಹವ್ಯಾಸಿಗೆ ಸುಲಭವಾಗಿ ಸಿಗೋ ಕೆಲಸ ರಂಗಪ್ರವೇಶ. ಬೀದಿಗೊಂದು ಭರತನಾಟ್ಯ ಕ್ಲಾಸಿದೆ. ವರ್ಷಾನುಗಟ್ಟಲೆ ಕಲಿತ ಹುಡುಗಿ ಒಂದು ಸಂಜೆ ಜಯನಗರ ಎಂಟನೇ ಬ್ಲಾಕಿನ ಜೆಎಸ್‌ಎಸ್ ಸಭಾಂಗಣದಲ್ಲೋ, ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲೋ ಎರಡೂವರೆ ಗಂಟೆ ಕುಣೀತಾಳೆ. ಮದುವೆ ಫೋಟೋದೋರಿಗೆ ತಾಳ ಗೊತ್ತಿಲ್ಲ, ಜತಿ ಮುಗಿದು ಹುಡುಗಿ ಭಂಗಿಯಲ್ಲಿ ನಿಲ್ಲೋ ಅರ್ಧ ಕ್ಷಣ ಅವರಿಗೆ ತಪ್ಪಿಹೋಗುತ್ತೆ. ನೃತ್ಯ ನೋಡೋ ಅಭ್ಯಾಸ ಇರೋ ಹವ್ಯಾಸಿಗೆ ಸಿಗುತ್ತೆ. ನಾನು ಮೊದಲ ಎರಡಕ್ಕೆ ದುಡ್ಡು ತಗೊಳ್ಳಲಿಲ್ಲ, ಮೂರನೆಯದಕ್ಕೆ ಐದು ಸಾವಿರ, ಈಗ ಹನ್ನೆರಡು. ದುಡ್ಡು ಮಾತಾಡೋವಾಗಲೇ ಒಂದು ಸಾಲಿನ ಇಮೇಲ್ ಕಳಿಸ್ತೀನಿ: ಫೋಟೋಗಳ ಹಕ್ಕು ನನ್ನದು, ಮನೆಯ ಬಳಕೆಗೆ ಪೂರ್ತಿ ನಿಮ್ಮದು, ಹುಡುಗಿಯ ಫೋಟೋವನ್ನು ನಿಮ್ಮನ್ನು ಕೇಳದೆ ಯಾರಿಗೂ ಮಾರಲ್ಲ. ಅವರು 'ಸರಿ' ಅಂತ ಉತ್ತರ ಬರೆದರೆ ಆಯ್ತು. ಆ ಮೂರನೇ ತುಂಡು ಅಜ್ಜಿಯ ಕಾಣಿಕೆ.

ಪತ್ರಿಕೆಗೋ ಪುಸ್ತಕಕ್ಕೋ ಹಕ್ಕನ್ನೇ ಬರೆದುಕೊಡೋ ಸಂದರ್ಭ ಬಂದರೆ 19ನೇ ಸೆಕ್ಷನ್ ಒಂದ್ಸಲ ಓದಿಕೊಳ್ಳಿ. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದು ವರ್ಷ, ಎಲ್ಲೆಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಕಾಯಿದೆ ನಾವಂದುಕೊಂಡದ್ದಕ್ಕಿಂತ ನಮ್ಮ ಪರವಾಗಿದೆ. ಓದೋರಿಲ್ಲ ಅಷ್ಟೇ.

ಕದಿಯೋರಂತೂ ಕದೀತಾರೆ. ನಾನು ತೆಗೆದ ಪುಟ್ಟೇನಹಳ್ಳಿ ಕೆರೆಯ ಫೋಟೋವನ್ನು ಒಂದು ಲೇಔಟ್ ಕಂಪನಿಯೋರು ಎತ್ತಿ ತಮ್ಮ ಬ್ರೋಶರಿನಲ್ಲಿ 'ಕೆರೆಯ ನೋಟ' ಅಂತ ಹಾಕಿಕೊಂಡಿದ್ದರು. ಆ ಲೇಔಟು ಇದ್ದದ್ದು ಕೆರೆಯಿಂದ ಮೂವತ್ತು ಕಿಲೋಮೀಟರ್ ಆಚೆ. ಜಗಳ ಆಡಲಿಲ್ಲ. ಒಂದು ಇನ್‌ವಾಯ್ಸ್ ಕಳಿಸಿದೆ: ಇಂಥಾ ಫೋಟೋ, ಇಂಥಾ ಬಳಕೆ, ಆರು ಸಾವಿರ ರೂಪಾಯಿ, ಹದಿನೈದು ದಿನ. ಜೊತೆಗೆ ರಾ ಫೈಲಿನ ವಿವರ. ಮೂರು ವಾರಕ್ಕೆ ದುಡ್ಡು ಬಂತು, ಕ್ಷಮಾಪಣೆ ಬರಲಿಲ್ಲ. ರಾ ಫೈಲು ಯಾವತ್ತೂ ಯಾರಿಗೂ ಕೊಡಬೇಡಿ. ಅದು ಜಮೀನಿನ ಪತ್ರ ಇದ್ದ ಹಾಗೆ.

ತೆರಿಗೆ ವಿಚಾರ ಬೇಗ ಮುಗಿಸ್ತೀನಿ. ಅಮೆರಿಕದ ಸೈಟುಗಳು ಡಬ್ಲ್ಯು-8 ಬೆನ್ ಅನ್ನೋ ಫಾರಂ ಕೇಳುತ್ತವೆ. ಪ್ಯಾನ್ ನಂಬರ್ ಹಾಕಿ ತುಂಬಿದರೆ ಎರಡು ದೇಶಗಳ ಒಪ್ಪಂದದ ಪ್ರಕಾರ ಅಲ್ಲಿನ ಮಾರಾಟದ ರಾಯಲ್ಟಿಗೆ ಶೇ. 15 ಹಿಡೀತಾರೆ. ತುಂಬದಿದ್ದರೆ ಶೇ. 30. ಇಲ್ಲಿ ರಿಟರ್ನಿನಲ್ಲಿ ಆ ಆದಾಯ ತೋರಿಸಿ, ಅಲ್ಲಿ ಹಿಡಿದದ್ದಕ್ಕೆ ಕ್ರೆಡಿಟ್ ಕೇಳಬಹುದು. ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ. ಆ ದಿನ ಬಂದಾಗ ನನ್ನನ್ನೂ ಊಟಕ್ಕೆ ಕರೀರಿ. ಇನ್ನೊಂದು, ನಿಮ್ಮ ಆಫೀಸಿನ ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ನೋಡಿ. 2022ರ ಮೂನ್‌ಲೈಟಿಂಗ್ ಗದ್ದಲ ಆದಮೇಲೆ ಎಚ್‌ಆರ್‌ನೋರಿಗೆ ಎಲ್ಲದರ ಮೇಲೂ ಅನುಮಾನ. ನಾನು ಒಂದು ಮೇಲ್ ಹಾಕಿ ಕೇಳಿದೆ. "ಆಫೀಸಿನ ಲ್ಯಾಪ್‌ಟಾಪಿನಲ್ಲಿ ಎಡಿಟ್ ಮಾಡಬೇಡಿ, ಕ್ಯಾಂಪಸ್ ಫೋಟೋ ಮಾರಬೇಡಿ" ಅಂತ ಉತ್ತರ ಬಂತು. ಆ ಮೇಲನ್ನು ಜೋಪಾನವಾಗಿ ಇಟ್ಟಿದ್ದೀನಿ.

ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಇಳಿಯೋದು? ಈ ಊರಿನಲ್ಲಿ ಅದಕ್ಕೂ ದಾರಿ ತೋರಿಸಿದೋರಿದ್ದಾರೆ. ಕಲ್ಯಾಣ್ ವರ್ಮಾ ಯಾಹೂ ಬಿಟ್ಟು ಕಾಡಿಗೆ ಹೋದವರು. ಅಮೋಘವರ್ಷ ಕೂಡ ಸಾಫ್ಟ್‌ವೇರಿನಿಂದಲೇ ಬಂದವರು. ಇಬ್ಬರೂ ಸೇರಿ ಮಾಡಿದ 'ವೈಲ್ಡ್ ಕರ್ನಾಟಕ' 2020ರಲ್ಲಿ ಥಿಯೇಟರಿಗೇ ಬಂತು, ಡೇವಿಡ್ ಅಟೆನ್‌ಬರೋ ದನಿಯಲ್ಲಿ. ಆದರೆ ಹಾಗೆ ಹೋದವರ ಹೆಸರು ನಮಗೆ ಗೊತ್ತಿರುತ್ತೆ. ಹೋಗಿ ಎರಡು ವರ್ಷಕ್ಕೆ ವಾಪಸ್ ಬಂದು ನೋಟಿಸ್ ಪೀರಿಯಡ್ ಎಷ್ಟು ಅಂತ ಕೇಳಿದೋರ ಹೆಸರು ಗೊತ್ತಿರಲ್ಲ. ಅಂಥ ಗೆಳೆಯನೊಬ್ಬ ನನಗಿದ್ದಾನೆ. ಅವನ ಫೋಟೋಗಳು ನನ್ನವಕ್ಕಿಂತ ಹತ್ತು ಪಟ್ಟು ಚೆನ್ನಾಗಿವೆ. ಮನೆಯ ಇಎಂಐಗೆ ಅದು ಗೊತ್ತಾಗಲಿಲ್ಲ.

ನನಗೆ ಟಿ.ಎಸ್. ಸತ್ಯನ್ ಅವರ ವಿಷಯ ಇಷ್ಟ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಡೆಕ್ಕನ್ ಹೆರಾಲ್ಡ್ ಶುರುವಾದ ಕಾಲದಲ್ಲಿ ಅಲ್ಲಿ ಫೋಟೋಗ್ರಾಫರ್, ಆಮೇಲೆ ಇಲ್ಲಸ್ಟ್ರೇಟೆಡ್ ವೀಕ್ಲಿ, ಆಮೇಲೆ ಸ್ವತಂತ್ರವಾಗಿ ದುಡಿದರು. 1979ರ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಫೋಟೋಗಳು ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಆ ಮಕ್ಕಳನ್ನು ನೋಡಿದರೆ ಪಾಪ ಅನ್ನಿಸಲ್ಲ, ಖುಷಿ ಅನ್ನಿಸುತ್ತೆ. ಬಡವರ ಮನೆ ಮಕ್ಕಳೇ, ಆದರೆ ಆಟ ಆಡ್ತಿರೋ ಮಕ್ಕಳು. ನಮ್ಮಜ್ಜಿ ಅವರಿಗಾದರೆ ಹೆಬ್ಬೆಟ್ಟು ಒತ್ತುತ್ತಿತ್ತೋ ಏನೋ.

ಕಲಿಯೋಕೆ ಜಾಗ ಬೇಕು ಅನ್ನೋರಿಗೆ 1971ರಿಂದ ನಡೆಯುತ್ತಿರೋ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಇದೆ, ನೃಪತುಂಗ ರಸ್ತೆಯಲ್ಲಿ. ಅಂಥ ಕಡೆ ಹಿರಿಯರು ನಿಮ್ಮ ಫೋಟೋ ನೋಡಿ 'ಸೂಪರ್' ಅನ್ನಲ್ಲ, ಎಲ್ಲಿ ಕತ್ತರಿಸಬೇಕು ಅಂತ ಹೇಳ್ತಾರೆ.

ಕಡೆಯದಾಗಿ ಪ್ರಿಂಟು. ಇದು ನನಗೆ ಇತ್ತೀಚೆಗೆ ಹತ್ತಿದ ಹುಚ್ಚು. ದುಡ್ಡಿನ ಲೆಕ್ಕದಲ್ಲಿ ಇದೇ ವಾಸಿ ಅನ್ನಿಸ್ತಿದೆ. ನನ್ನದು 24 ಮೆಗಾಪಿಕ್ಸೆಲ್ ಕ್ಯಾಮೆರಾ, 6000 ಅಡ್ಡ 4000 ಉದ್ದ. ಇಂಚಿಗೆ 300 ಚುಕ್ಕೆ ಲೆಕ್ಕ ಹಾಕಿದರೆ 20 ಇಂಚು ಅಗಲದ ಪ್ರಿಂಟು ಕೈಯಲ್ಲಿ ಹಿಡಿದು ನೋಡಿದರೂ ಚೊಕ್ಕಟವಾಗಿರುತ್ತೆ. ಗೋಡೆ ಮೇಲೆ ಆರಡಿ ದೂರದಿಂದ ನೋಡೋದಾದ್ರೆ 150 ಸಾಕು, ಅಂದರೆ 40 ಇಂಚಿನವರೆಗೂ ಹೋಗಬಹುದು. ಹೊಸ ಕ್ಯಾಮೆರಾ ಬೇಕು ಅಂತ ಮನೆಯಲ್ಲಿ ವಾದ ಮಾಡೋ ಮುಂಚೆ ಈ ಲೆಕ್ಕ ನೋಡಿಕೊಳ್ಳಿ, ಹೆಂಡತಿಗೆ ತೋರಿಸಬೇಡಿ.

12 ಅಡ್ಡ 18 ಇಂಚಿನ ಒಂದು ಪ್ರಿಂಟು, ಫ್ರೇಮು ಸೇರಿ ನನಗೆ ಸಾವಿರದ ಇನ್ನೂರು ಬೀಳುತ್ತೆ. ಮೂರು ಸಾವಿರಕ್ಕೆ ಕೊಡ್ತೀನಿ. ಒಂದು ಪ್ರಿಂಟಿನ ಲಾಭ ಇನ್ನೂರಕ್ಕೂ ಹೆಚ್ಚು ಡೌನ್‌ಲೋಡಿಗೆ ಸಮ. ಗಿರಾಕಿ ಯಾರು? ಗ್ಯಾಲರಿ ಗೀಲರಿ ಅಲ್ಲ. ಬಿಟಿಎಂ ಎರಡನೇ ಹಂತದ ಪಿಜಿ ಮಾಲೀಕರು ರಿಸೆಪ್ಷನ್ನಿಗೆ ಲಾಲ್‌ಬಾಗಿನ ಗಾಜಿನ ಮನೆ ತಗೊಂಡರು. ಸಕಲೇಶಪುರದ ಹೋಮ್‌ಸ್ಟೇ ಒಂದಕ್ಕೆ ಆರು ಹೋಯ್ತು. ಪಕ್ಕದ ಬೀದಿಯ ದರ್ಶಿನಿಯೋರು ಸಿಲ್ಕ್ ಬೋರ್ಡ್ ಕೇಳಿದರು, ತಿಂಡಿ ತಿನ್ನೋರಿಗೆ ಹಸಿವು ಹೋಗುತ್ತೆ ಅಂತ ನಾನೇ ಬೇರೆ ಕೊಟ್ಟೆ. ಚೌಕಾಸಿ ಮಾಡ್ತಾರೆ, ಮಾಡಲಿ. ಮಂಡಿಯಲ್ಲಿ ಇಲ್ಲದ ಸುಖ ಅದು, ಬೆಲೆ ಹೇಳೋನು ನಾನು.

ಜೆ.ಪಿ. ನಗರದಲ್ಲಿ ನಮ್ಮ ಹಲ್ಲಿನ ಡಾಕ್ಟರು ಕ್ಲಿನಿಕ್ಕಿಗೆ ಮೂರು ತಗೊಂಡಿದ್ದಾರೆ, ಅದರಲ್ಲಿ ಅವರೆಕಾಯಿ ಸುಲಿಯೋ ಕೈಯೂ ಒಂದು. ಹೋದ ವಾರ ರೂಟ್ ಕೆನಾಲ್ ಮಾಡ್ತಾ, ನಾನು ಬಾಯಿ ಮುಚ್ಚೋ ಹಾಗಿಲ್ಲದ ಹೊತ್ತು ನೋಡಿ, ಆ ಅಜ್ಜಿ ನಗ್ತಿರೋದು ಒಂದು ಫೋಟೋ ಇದ್ರೆ ಕೊಡಿ, ವೇಟಿಂಗ್ ರೂಮಿಗೆ ದೊಡ್ಡದಾಗಿ ಹಾಕ್ಸೋಣ, ನೀವು ಹೇಳಿದ ರೇಟು ಅಂದರು. ಇನ್ನೊಬ್ಬರ ಕ್ಲಿನಿಕ್ಕಿಗೂ ಹಾಕಲ್ಲ, ಜಾಹೀರಾತಿಗೂ ಹಾಕಲ್ಲ ಅಂತ ಬರೆದುಕೊಡೋಕೂ ತಯಾರಿದ್ದಾರೆ. ಈ ಸಲ ದೀಪಾವಳಿಗೆ ಹೋದಾಗ ಅಜ್ಜಿನ ಕೇಳಿ ಹೇಳ್ತೀನಿ ಅಂದಿದ್ದೀನಿ. ಅಜ್ಜಿ ಬಾಯಲ್ಲಿ ಎರಡೇ ಹಲ್ಲು ಉಳಿದಿವೆ ಅಂತ ಡಾಕ್ಟರಿಗೆ ಇನ್ನೂ ಹೇಳಿಲ್ಲ.